ಹಿತ್ತಲ ಪತ್ರ: ಮರ ಹಸಿರು, ಫಲ ಇಲ್ಲ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ದೂರು. ಗಿಡ ಚೆನ್ನಾಗಿದೆ, ಫಲ ಇಲ್ಲ. ಅಂಕೋಲೆ, ಶಿರಸಿ, ಕಾರವಾರ, ಭಟ್ಕಳ, ಎಲ್ಲ ಕಡೆಯಿಂದಲೂ ಅದೇ. ಹಸ್ತ ಮಳೆ ಮುಗಿದು ಚಿತ್ತೆ ಮಳೆ ಹಿಡಿಯುವ ಅಕ್ಟೋಬರಿನ ಹೊತ್ತು ಇದು. ಮುಂದಿನ ಬೇಸಿಗೆಯಲ್ಲಿ ಮನೆಯ ಮಾವು ತಿನ್ನುತ್ತೇವೋ ಇಲ್ಲವೋ ಎನ್ನುವುದು ಬಹುಪಾಲು ಇನ್ನೆರಡು ತಿಂಗಳಲ್ಲೇ ತೀರ್ಮಾನ ಆಗಿಬಿಡುತ್ತದೆ. ಅದಕ್ಕೇ ಹೂಗಿಡ, ತರಕಾರಿಯ ಪತ್ರಗಳನ್ನು ಮುಂದಿನ ತಿಂಗಳಿಗೆ ಇಟ್ಟು ಇವನ್ನು ಮೊದಲು ಎತ್ತಿಕೊಂಡಿದ್ದೇನೆ.

ಬರೆಯುವವರಲ್ಲಿ ಒಂದು ಕೇಳಿಕೆ. ‘ಕಾಯಿ ಬಿಡುವುದಿಲ್ಲ’ ಎಂದಷ್ಟೇ ಬರೆದರೆ ಇಲ್ಲಿ ಕೂತು ಉತ್ತರ ಹೇಳುವುದು ಕಷ್ಟ. ಹೂವೇ ಬರಲಿಲ್ಲವೋ? ಹೂ ಬಂದು ಕಾಯಿ ಕಚ್ಚಲಿಲ್ಲವೋ? ಕಚ್ಚಿದ ಮಿಡಿ ಆಮೇಲೆ ಉದುರಿತೋ? ಮೂರಕ್ಕೂ ಕಾರಣ ಬೇರೆ, ಉಪಾಯವೂ ಬೇರೆ. ಹೂವೇ ಬರದ ಮರಕ್ಕೆ ಮಿಡಿ ಉದುರದ ಹಾಗೆ ಔಷಧಿ ಹೊಡೆದರೆ ದುಡ್ಡು ದಂಡ. ಹೂವಿನ ಕಾಲದಲ್ಲಿ ವಾರಕ್ಕೊಮ್ಮೆ ಮರದ ಬುಡಕ್ಕೆ ಹೋಗಿ ಕತ್ತೆತ್ತಿ ನೋಡಿ. ಕಂಡದ್ದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನಮ್ಮ ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ‘ಬಚ್ಚಲ ಹಿಂದಿನ ಮಾವು, ಹೂ’ ಎಂದು ಬರೆದಿರುತ್ತದೆ.

ಪ್ರಶ್ನೆ: ಅಕ್ಕಾ, ನಮ್ಮ ಅಂಗಳದ ಮೂಲೆಯಲ್ಲಿ ಕರಿ ಇಶಾಡು ಮಾವಿನ ಕಸಿ ಗಿಡ ಇದೆ. ಅಪ್ಪ ನೆಟ್ಟಿದ್ದು. ಈಗ ಹನ್ನೆರಡು ವರ್ಷ. ವರ್ಷಕ್ಕೆ ಎರಡು ಸಲ ಸಗಣಿ ಗೊಬ್ಬರ, ಒಂದು ಸಲ ಯೂರಿಯಾ ಹಾಕುತ್ತೇವೆ. ಬಚ್ಚಲ ನೀರು ಬುಡಕ್ಕೇ ಹೋಗುತ್ತದೆ. ಎಲೆ ಕಡುಹಸಿರು. ನವೆಂಬರಿನಲ್ಲಿ ಕೆಂಪು ಚಿಗುರು ಮರದ ತುಂಬ ಬರುತ್ತದೆ. ಹೂ ಮಾತ್ರ ಮೂಡು ಬದಿಯ ನಾಲ್ಕು ಕೊಂಬೆಗೆ. ಪಡು ಬದಿಗೆ ನೆರೆಮನೆಯ ದೊಡ್ಡ ಹುಣಸೆ ಮರ ಇದೆ. ಜಾಸ್ತಿ ಅಂದರೆ ಒಂದು ವರ್ಷ 20 ಹಣ್ಣು ಸಿಕ್ಕಿದೆ. ಅಪ್ಪ ತೀರಿಕೊಂಡು ಎರಡು ವರ್ಷ ಆಯಿತು. ಕಡಿದು ಬೇರೆ ನೆಡು ಎಂದು ಎಲ್ಲರೂ ಹೇಳುತ್ತಾರೆ. ಕಡಿಯಲೇ? — ಅಂಕೋಲಾ ತಾಲೂಕಿನ ಓದುಗರು

ಉತ್ತರ: ಕಡಿಯಬೇಡಿ ತಮ್ಮಾ. ಮರಕ್ಕೆ ಯಾವ ಕಾಯಿಲೆಯೂ ಇಲ್ಲ. ನಿಮ್ಮ ಪತ್ರದಲ್ಲೇ ಉತ್ತರ ಇದೆ.

ಮಾವಿನ ಹೂ ಬರುವುದು ಕೊಂಬೆಯ ತುದಿಯಲ್ಲಿ. ಆ ತುದಿ ಬಲಿತಿರಬೇಕು. ಮಳೆ ನಿಂತು, ಬುಡ ಒಣಗಿ, ರಾತ್ರಿಯ ಚಳಿ ತಾಗಿದಾಗ ಬಲಿತ ತುದಿ ಹೂವಿಗೆ ತಿರುಗುತ್ತದೆ. ಬುಡದಲ್ಲಿ ನೀರೂ ಯೂರಿಯಾವೂ ಇದ್ದರೆ ಅದೇ ತುದಿ ಎಲೆಗೆ ತಿರುಗುತ್ತದೆ. ಹೊಸ ಎಲೆ ಬಲಿಯಲು ಮತ್ತೆ ಮೂರು ನಾಲ್ಕು ತಿಂಗಳು ಬೇಕು. ಅಷ್ಟರಲ್ಲಿ ಹೂವಿನ ಕಾಲ ದಾಟಿರುತ್ತದೆ. ನೀವು ಬರೆದ ನವೆಂಬರಿನ ಕೆಂಪು ಚಿಗುರು ಇದೆಯಲ್ಲ, ನೋಡಲು ಎಷ್ಟು ಚೆಂದ! ಆದರೆ ಅದು ಬಂದ ಕೊಂಬೆಗೆ ಆ ವರ್ಷ ಹಣ್ಣಿಲ್ಲ ಎಂದೇ ಲೆಕ್ಕ. ಸ್ವಾತಿ ಮಳೆ ಜೋರಾಗಿ ಬಂದ ವರ್ಷ ನಮ್ಮ ಕಡೆ ಮಾವು ಕಡಿಮೆ ಆಗುವುದಕ್ಕೂ ಇದೇ ಕಾರಣ. ನಿಮ್ಮ ಮರಕ್ಕೆ ಬಚ್ಚಲ ನೀರು ವರ್ಷವಿಡೀ ಆ ಮಳೆಯ ಕೆಲಸ ಮಾಡುತ್ತಿದೆ.

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ನಾನು ಮದುವೆಯಾಗಿ ಶಿರಸಿ ಕಡೆಯಿಂದ ಘಟ್ಟ ಇಳಿದು ಕುಮಟಾ ಹತ್ತಿರದ ಈ ಮನೆಗೆ ಬಂದಾಗ ಬಚ್ಚಲ ಹಿಂದೆ ಒಂದು ಮಾವಿನ ಮರ ಇತ್ತು. ಮಾವನವರು ಬಚ್ಚಲ ಕಾಲುವೆಯನ್ನು ಅದರ ಬುಡಕ್ಕೇ ಬಿಟ್ಟಿದ್ದರು. ಬೇಸಿಗೆಯಲ್ಲಿ ಬಾವಿಯ ತಳ ಕಂಡವರು, ನೀರು ಸುಮ್ನೆ ಹರಿದು ಹೋಗಬಾರದು ಎಂಬ ಕಾಳಜಿ ಅವರದು. ಮರ ಛತ್ರಿ ಹಾಗೆ ಹರಡಿತ್ತು. ಅದರ ನೆರಳಿಗೆ ಹಪ್ಪಳ ಒಣಗುವುದಿಲ್ಲ ಎಂದು ಅತ್ತೆಗೆ ಬೇಜಾರು. ಹಣ್ಣು ಕಂಡದ್ದೇ ಅಪರೂಪ. ಒಂದು ವರ್ಷ ಬಚ್ಚಲು ರಿಪೇರಿಗೆ ಬಂದ ಗಾರೆ ಕೆಲಸದವರು ಕಾಲುವೆಯನ್ನು ಬಾಳೆ ಬದಿಗೆ ತಿರುಗಿಸಿದರು. ಯಾರೂ ಮಾವಿಗಾಗಿ ಮಾಡಿದ್ದಲ್ಲ. ಮೊದಲ ವರ್ಷ ಏನೂ ವ್ಯತ್ಯಾಸ ಕಾಣಲಿಲ್ಲ. ಎರಡನೇ ವರ್ಷ ಜನವರಿಯಲ್ಲಿ, ಬೆಳಿಗ್ಗೆ ಬಚ್ಚಲ ಒಲೆಗೆ ಬೆಂಕಿ ಹಾಕಲು ಹೋದಾಗ ಘಮ್ಮೆಂದು ವಾಸನೆ ಬಂತು. ಮೇಲೆ ನೋಡಿದರೆ ಎಲೆಯೇ ಕಾಣದ ಹಾಗೆ ಹೂ. ಓಡಿಹೋಗಿ ಮಾವನವರನ್ನು ಕರೆತಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಇಷ್ಟು ವರ್ಷ ನಾನೇ ತಡೆದು ಇಟ್ಟಿದ್ದೆನಲ್ಲ ಮಗಾ’ ಎಂದರು.

ನೀವು ಈ ವಾರವೇ ಕಾಲುವೆ ತಿರುಗಿಸಿ. ಬಾಳೆಗೆ, ತೆಂಗಿಗೆ, ಕೆಸುವಿಗೆ ಬಿಡಿ, ಅವಕ್ಕೆ ಸಂತೋಷ. ಮಾವಿನ ಬುಡಕ್ಕೆ ಈಗಿನಿಂದ ಒಂದು ಕೊಡ ನೀರೂ ಬೇಡ. ಹೂ ಬಂದು ಮಿಡಿ ಬಟಾಣಿ ಕಾಳಿನಷ್ಟು ಆಗುವವರೆಗೂ ಬೇಡ. ಆಮೇಲೆ ಹತ್ತು ಹದಿನೈದು ದಿನಕ್ಕೊಮ್ಮೆ ಚೆನ್ನಾಗಿ ನೀರು ಕೊಟ್ಟರೆ ಮಿಡಿ ಉದುರುವುದು ಕಡಿಮೆ ಆಗುತ್ತದೆ.

ಯೂರಿಯಾ ಪೂರ್ತಿ ನಿಲ್ಲಿಸಿ. ಈಗ ಗೊಬ್ಬರವನ್ನೂ ಹಾಕಬೇಡಿ. ಹಣ್ಣು ಮುಗಿದು ಮಳೆ ಶುರುವಾಗುವ ಹೊತ್ತಿಗೆ, ಮೃಗಶಿರೆಯಲ್ಲಿ, ವರ್ಷಕ್ಕೆ ಒಂದೇ ಸಲ ನಾಲ್ಕು ಬುಟ್ಟಿ ಹಳೆ ಗೊಬ್ಬರ ಸಾಕು. ಆಗಸ್ಟ್ ಕೊನೆಗೆ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಒಂದು ಬುಟ್ಟಿ ಬಚ್ಚಲ ಒಲೆಯ ಬೂದಿ ಹಾಕಿ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಚಿರೆಕಲ್ಲಿನ (ಜಂಬಿಟ್ಟಿಗೆಯ) ಮಣ್ಣು ಪೊಟ್ಯಾಷನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ತೊಳೆದು ಹೋಗುತ್ತದೆ. ಹೂವಿಗೆ, ಕಾಯಿಗೆ ಬೇಕಾದದ್ದೇ ಅದು. ಕಟ್ಟಿಗೆಯ ಬೂದಿಯಲ್ಲಿ ಅದು ಚೆನ್ನಾಗಿರುತ್ತದೆ. ಪ್ಲಾಸ್ಟಿಕ್ ಸುಟ್ಟ ಬೂದಿ ಮಾತ್ರ ಬೇಡ. ಗೊಬ್ಬರ, ಬೂದಿ ಯಾವುದನ್ನೂ ಕಾಂಡಕ್ಕೆ ತಾಗಿಸಿ ಸುರಿಯಬೇಡಿ. ಮಧ್ಯಾಹ್ನ ಕೊಂಬೆಯ ನೆರಳು ಎಲ್ಲಿ ಮುಗಿಯುತ್ತದೋ ಅಲ್ಲಿ ಸುತ್ತಲೂ ಹಾಕಿ ಮಣ್ಣು ಮುಚ್ಚಿ. ಉಣ್ಣುವ ಬೇರು ಇರುವುದು ಅಲ್ಲಿ.

ಇನ್ನು ಬಿಸಿಲಿನ ವಿಷಯ. ಹೂ ಮೂಡು ಬದಿಗೆ ಮಾತ್ರ ಎಂದಿರಿ. ಪಡು ಬದಿಯ ಬಿಸಿಲನ್ನು ಹುಣಸೆ ಮರ ತಿನ್ನುತ್ತಿದೆ. ನೆರೆಯವರ ಹತ್ತಿರ ಒಳ್ಳೆ ಮಾತಿನಲ್ಲಿ ಕೇಳಿ, ನಿಮ್ಮ ಕಡೆ ಬಾಗಿದ ಎರಡು ಕೊಂಬೆ ತೆಗೆಸಿದರೂ ಸಾಕು. ನಿಮ್ಮ ಮಾವಿನ ನಡುಭಾಗವೂ ಕತ್ತಲಾಗಿರಬಹುದು. ಮರದ ಕೆಳಗೆ ನಿಂತು ಮೇಲೆ ನೋಡಿದರೆ ಅಲ್ಲಲ್ಲಿ ಆಕಾಶ ಕಾಣಬೇಕು. ಕಾಣದಿದ್ದರೆ ನಡುವಿನ ಒಂದೆರಡು ನೆಟ್ಟಗಿನ ಕೊಂಬೆ ತೆಗೆಯಬೇಕು. ಆದರೆ ಈಗ ಕತ್ತಿ ಮುಟ್ಟಬೇಡಿ! ಈಗ ಕಡಿದರೆ ಮರ ಮತ್ತೆ ಚಿಗುರಿಬಿಡುತ್ತದೆ. ಮೇ ಕೊನೆಯಲ್ಲಿ, ದೊಡ್ಡ ಮಳೆಗೆ ಮೊದಲು ಗರಗಸದಿಂದ ಕೊಯ್ದು, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. ಅಡಿಕೆ ಇರುವ ಮನೆಗಳಲ್ಲಿ ಕೊಳೆ ಔಷಧಿಗೆ ತಂದ ಮೈಲುತುತ್ತ, ಸುಣ್ಣ ಇದ್ದೇ ಇರುತ್ತದೆ. ಹತ್ತು ಲೀಟರ್ ನೀರಿಗೆ ತಲಾ ಒಂದು ಕಿಲೋ ಎಂದರೆ ಮುಲಾಮಿನ ಹದ. ನಿಮಗೆ ಬೇಕಾದದ್ದು ಸ್ವಲ್ಪ, ಅದೇ ಲೆಕ್ಕದಲ್ಲಿ ಇಳಿಸಿಕೊಳ್ಳಿ. ಒಣಕೊಂಬೆ ಮತ್ತು ಬಂದಳಿಕೆ ಇದ್ದರೆ ಮಾತ್ರ ಈಗಲೇ ತೆಗೆಯಬಹುದು. ಬಂದಳಿಕೆಯನ್ನು ಮೇಲಿಂದ ಕಿತ್ತರೆ ಮತ್ತೆ ಬರುತ್ತದೆ. ಅದು ಅಂಟಿದ ಜಾಗದಿಂದ ಒಂದು ಅಡಿ ಹಿಂದಕ್ಕೆ ಕೊಂಬೆಯನ್ನೇ ಕತ್ತರಿಸಬೇಕು.

ಡಿಸೆಂಬರಿನಲ್ಲಿ ಒಂದು ದಿನ ಏಣಿ ಇಟ್ಟು ಕೊಂಬೆಯ ತುದಿಯನ್ನು ಕೈಯಲ್ಲಿ ಹಿಡಿದು ನೋಡಿ. ತುದಿಯ ಮೊಗ್ಗು ಸಪೂರವಾಗಿ, ಚೂಪಾಗಿ ಇದ್ದರೆ ಎಲೆ ಬರುತ್ತದೆ. ಬುಡ ದಪ್ಪಗಾಗಿ, ಕಡಲೆಕಾಳಿನ ಹಾಗೆ ಗುಂಡಗೆ ಉಬ್ಬಿದ್ದರೆ ಹೂ. ಒಮ್ಮೆ ಬೆರಳಿಗೆ ಅಭ್ಯಾಸ ಆದರೆ ಕಣ್ಣು ಮುಚ್ಚಿಯೂ ಹೇಳಬಹುದು. ಹೂಗೊಂಚಲು ಹೊರಡುವಾಗ, ಹೂ ಅರಳುವ ಮೊದಲು, ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಂ ಹಾಕಿ ಒಂದು ಸಲ ಸಿಂಪಡಿಸಿ. ಇಬ್ಬನಿ, ಮೋಡ ಜಾಸ್ತಿ ಇರುವ ವರ್ಷ ಬೂದಿ ರೋಗ ಬರುತ್ತದೆ, ಹೂ ಬಿಳಿ ಪುಡಿ ಹಿಡಿದು ಕರಗಿಹೋಗುತ್ತದೆ. ಜಿಗಿಹುಳ ಇದ್ದರೆ ಬೇವಿನ ಎಣ್ಣೆಯ ಔಷಧಿಯೂ ಆಗಲೇ. ಹೂ ಅರಳಿದ ಮೇಲೆ ಮಾತ್ರ ಏನನ್ನೂ ಹೊಡೆಯಬೇಡಿ. ಮಾವಿನ ಹೂವಿಗೆ ಪರಾಗ ಮುಟ್ಟಿಸುವುದು ಹೆಚ್ಚಾಗಿ ನೊಣ, ಜೊತೆಗೆ ಮಿಸರಿ ಜೇನು, ತುಡುವೆ ಜೇನು. ನಮ್ಮ ನೆರೆಮನೆಯವರು ಹೂವಿನ ಕಾಲದಲ್ಲಿ ಮೀನು ತೊಳೆದ ಕಸವನ್ನು ಮಾವಿನ ಬುಡದಿಂದ ಸ್ವಲ್ಪ ದೂರ ಹಾಕುತ್ತಾರೆ, ನೊಣ ಬರಲಿ ಎಂದು. ಅದು ತಿಳಿವಳಿಕೆಯ ಕೆಲಸ.

ಅಂಗಡಿಯಲ್ಲಿ ‘ಬುಡಕ್ಕೆ ಹೊಯ್ಯಿರಿ, ಗ್ಯಾರಂಟಿ ಹೂ’ ಎಂದು ಪ್ಯಾಕ್ಲೋಬ್ಯುಟ್ರಜಾಲ್ ಕೊಡಬಹುದು. ಅದು ಬೆಳವಣಿಗೆ ತಡೆದು ಹೂ ತರಿಸುವ ಔಷಧಿ. ದೊಡ್ಡ ಆಪೂಸ್ ತೋಟದವರು ಅಳತೆ ಹಿಡಿದು ಬಳಸುತ್ತಾರೆ. ಮನೆ ಅಂಗಳಕ್ಕೆ ನಾನು ಬೇಡ ಅನ್ನುತ್ತೇನೆ. ಮಣ್ಣಿನಲ್ಲಿ ಬಹಳ ಕಾಲ ಉಳಿಯುತ್ತದೆ. ಹತ್ತು ಮಾರು ದೂರದಲ್ಲಿ ಬಾವಿ, ಅದೇ ಮಣ್ಣಿನಲ್ಲಿ ಬಸಳೆ, ಹರಿವೆ. ಎಂತಕ್ಕೆ ಬೇಕು?

ಇಷ್ಟು ಮಾಡಿದರೆ ಮುಂದಿನ ಬೇಸಿಗೆಗೇ ಬುಟ್ಟಿ ತುಂಬುತ್ತದೆ ಎಂದು ನಾನು ಹೇಳುವುದಿಲ್ಲ. ಎರಡು ವರ್ಷ ಕೊಡಿ. ಇಶಾಡು ಒಂದು ವರ್ಷ ತುಂಬಿ ಬಿಟ್ಟರೆ ಮರುವರ್ಷ ಕಡಿಮೆ ಬಿಡುತ್ತದೆ, ಅದು ಅದರ ಗುಣ. ಅಂಕೋಲೆಯ ಕರಿ ಇಶಾಡಿಗೆ 2023ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದೇ ಹಣ್ಣು ಎಂಬ ಸರ್ಕಾರದ ಗುರುತು, ಸಿಕ್ಕಿದೆ. ಹೊರಗಿನವರು ಹುಡುಕಿಕೊಂಡು ಬರುವ ಹಣ್ಣು ಅದು. ನಿಮ್ಮ ಅಪ್ಪ ಆರಿಸಿ ನೆಟ್ಟ ಗಿಡ. ಕೊಡಲಿ ಒಳಗೇ ಇರಲಿ.

ಪ್ರಶ್ನೆ: ನಮ್ಮ ಬೇಣದಲ್ಲಿ ನಾಲ್ಕು ಮುರುಗಲು (ಕೋಕಂ) ಮರ ಇವೆ. ಬೀಜದಿಂದ ಎದ್ದವು. 11 ವರ್ಷ ಆಗಿದೆ. ಎರಡಕ್ಕೆ ಒಳ್ಳೆ ಹಣ್ಣು. ಇನ್ನೆರಡಕ್ಕೆ ಹೂ ಕಿಕ್ಕಿರಿದು ಬರುತ್ತದೆ, ಒಂದೂ ಕಾಯಿ ಇಲ್ಲ. ಹೂ ಉದುರುವ ರೋಗ ಇರಬೇಕು. ಔಷಧಿ ತಿಳಿಸಿ. — ಶಿರಸಿ ತಾಲೂಕಿನ ಓದುಗರು

ಉತ್ತರ: ರೋಗ ಅಲ್ಲ. ಅವೆರಡು ಗಂಡು ಮರ ಇರಬೇಕು. ಮುರುಗಲಿನಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಬೀಜ ಹಾಕಿ ಎಬ್ಬಿಸಿದರೆ ಹೆಚ್ಚುಕಡಿಮೆ ಅರ್ಧ ಗಂಡೇ ಬರುತ್ತವೆ. ನಿಮ್ಮ ನಾಲ್ಕರಲ್ಲಿ ಎರಡು ಅಂದರೆ ಲೆಕ್ಕ ಸರಿಯಾಗಿಯೇ ಇದೆ. ಹೂ ಬಿಡುವವರೆಗೆ ಗಂಡೋ ಹೆಣ್ಣೋ ನೋಡಿ ಹೇಳಲು ಆಗುವುದಿಲ್ಲ. ಹೂ ಬಿಡಲು ಏಳೆಂಟು ವರ್ಷ. ಬೆಳೆಸಿದವರಿಗೆ ಎಷ್ಟು ನಿರಾಸೆ ಆಗುತ್ತದೆ ಎಂದು ನನಗೆ ಗೊತ್ತು.

ಈ ಸಲ ಹೂ ಬಂದಾಗ ಹೀಗೆ ಮಾಡಿ. ಹಣ್ಣು ಬಿಡುವ ಮರದಿಂದ ಒಂದು ಹೂ, ಬಿಡದ ಮರದಿಂದ ಒಂದು ಹೂ ಕಿತ್ತು ಅಂಗೈ ಮೇಲೆ ಇಟ್ಟುಕೊಳ್ಳಿ. ಎರಡೂ ನೋಡಲು ಒಂದೇ ತರ, ದಪ್ಪ ಎಸಳಿನ ಪುಟ್ಟ ಹೂ. ಉಗುರಿನಿಂದ ಎಸಳು ಬಿಡಿಸಿ. ಒಂದರ ನಡುವೆ ಹಸಿರು ಮಣಿಯಂಥ ಗುಂಡು, ಅದರ ತಲೆಯ ಮೇಲೆ ಪುಟ್ಟ ಕಿರೀಟ ಇರುತ್ತದೆ. ಅದೇ ಮುಂದೆ ಹಣ್ಣಾಗುವುದು. ಇನ್ನೊಂದರ ನಡುವೆ ಬರೀ ಹಳದಿ ಕೇಸರಗಳ ಮುದ್ದೆ, ಗುಂಡು ಇಲ್ಲ. ಗಂಡು ಹೂ ಗೊಂಚಲಾಗಿ ಜಾಸ್ತಿ ಬರುತ್ತದೆ, ಅದಕ್ಕೇ ಮರ ಕಿಕ್ಕಿರಿದ ಹಾಗೆ ಕಾಣುವುದು. ಒಂದೇ ಹೂ ನೋಡಿ ತೀರ್ಮಾನ ಮಾಡಬೇಡಿ, ಬೇರೆ ಬೇರೆ ಕೊಂಬೆಯ ಹತ್ತು ಹೂ ನೋಡಿ. ಎರಡೂ ಬಗೆಯ ಹೂ ಇರುವ ಮರವೂ ಆಗೊಮ್ಮೆ ಈಗೊಮ್ಮೆ ಸಿಗುತ್ತದೆ.

ಗಂಡು ಎಂದು ಗೊತ್ತಾದರೂ ಎರಡನ್ನೂ ತೆಗೆಯಬೇಡಿ. ಒಂದು ಇರಲೇಬೇಕು. ಅದು ಇದ್ದರೇ ಹೆಣ್ಣು ಮರಗಳಿಗೆ ಪರಾಗ. ಇನ್ನೊಂದನ್ನು ಹೆಣ್ಣು ಮಾಡಬಹುದು. ಕಾಂಡವನ್ನು ಸೊಂಟದೆತ್ತರಕ್ಕೆ ಕತ್ತರಿಸಿದರೆ ಸುತ್ತಲೂ ಹೊಸ ಚಿಗುರು ಒಡೆಯುತ್ತದೆ. ಗಟ್ಟಿಯಾದ ಮೂರು ನಾಲ್ಕನ್ನು ಉಳಿಸಿಕೊಂಡು ಅವಕ್ಕೆ ನಿಮ್ಮದೇ ಹೆಣ್ಣು ಮರದ ಕಡ್ಡಿ ಕಸಿ ಕಟ್ಟಬೇಕು. ಸಿಪ್ಪೆ ದಪ್ಪ ಇರುವ, ಬಣ್ಣ ಚೆನ್ನಾಗಿ ಬಿಡುವ ಮರದ ಕಡ್ಡಿ ಆರಿಸಿ. ಕಡ್ಡಿ ನೆಟ್ಟಗೆ ಮೇಲಕ್ಕೆ ಹೋಗುವ ಕೊಂಬೆಯದೇ ಆಗಬೇಕು. ಅಡ್ಡಕೊಂಬೆಯ ಕಡ್ಡಿ ಕಟ್ಟಿದರೆ ಗಿಡ ಮೇಲೇಳದೆ ಬಳ್ಳಿಯ ಹಾಗೆ ಹರಡಿಕೊಳ್ಳುತ್ತದೆ. ಮುರುಗಲಿನ ಕಸಿ ಮಾವಿನಷ್ಟು ಸುಲಭ ಅಲ್ಲ, ಕೈ ಪಳಗಿದವರನ್ನು ಕರೆಸಿ. ಶಿರಸಿಯಲ್ಲೇ ಅರಣ್ಯ ಕಾಲೇಜು, ತೋಟಗಾರಿಕೆ ಕಾಲೇಜು ಇವೆ, ಹೋಗಿ ಕೇಳಿ. ಹೊಸದಾಗಿ ನೆಡುವವರು ಹೆಣ್ಣು ಮರದ ಕಸಿ ಗಿಡವನ್ನೇ ತನ್ನಿ.

ಜಾಯಿಕಾಯಿಗೂ ಇದೇ ಕಥೆ. ಬೀಜದ ರಂಬೂಟಾನಿಗೂ ಇದೇ. ನಾನು ಹದಿನೈದು ವರ್ಷದ ಹಿಂದೆ ಒಂದು ನರ್ಸರಿಯಿಂದ ಕಸಿ ಗಿಡ ಎಂದು ನಂಬಿ ರಂಬೂಟಾನ್ ತಂದೆ. ಮಕ್ಕಳು ದಿನಾ ಶಾಲೆಯಿಂದ ಬಂದು ಅದಕ್ಕೆ ನೀರು ಹಾಕುತ್ತಿದ್ದರು. ಎಂಟನೇ ವರ್ಷ ಹೂ ಬಂತು. ಮನೆಯಲ್ಲಿ ಹಬ್ಬ. ಹೂ ಪೂರ್ತಿ ಉದುರಿತು. ಮರುವರ್ಷವೂ ಅಷ್ಟೇ. ಆಮೇಲೆ ಬುಡ ಬಿಡಿಸಿ ನೋಡಿದರೆ ಕಸಿಯ ಗುರುತೇ ಇಲ್ಲ. ಅದು ಬೀಜದ ಗಂಡು ಗಿಡ. ನನಗೆ ಆ ಮಕ್ಕಳ ಮುಖ ಈಗಲೂ ಕಣ್ಣ ಮುಂದೆ ಬರುತ್ತದೆ. ಅದಕ್ಕೇ ಹೇಳುತ್ತೇನೆ, ಗಿಡ ಕೊಳ್ಳುವಾಗ ನಾಚಿಕೊಳ್ಳದೆ ಅಲ್ಲೇ ಕೂತು ನೋಡಿ. ಮಣ್ಣಿನಿಂದ ಒಂದು ಗೇಣಿನೊಳಗೆ ಕಾಂಡದ ಮೇಲೆ ಗಂಟು, ಓರೆಯಾದ ಗಾಯದ ಗುರುತು ಇರಬೇಕು. ಗುರುತಿನ ಮೇಲಿನ ತೊಗಟೆಗೂ ಕೆಳಗಿನ ತೊಗಟೆಗೂ ಸ್ವಲ್ಪವಾದರೂ ವ್ಯತ್ಯಾಸ ಕಾಣಬೇಕು. ಕಾಣದಿದ್ದರೆ ಕಸಿ ಗಿಡದ ದರ ಕೊಡಬೇಡಿ.

ಪ್ರಶ್ನೆ: ನಮ್ಮ ಹಲಸಿನ ಮರದ ಮಿಡಿ ಬೆರಳುದ್ದ ಆಗುವಷ್ಟರಲ್ಲಿ ಕಪ್ಪಾಗಿ, ಬೂಸ್ಟು ಹಿಡಿದು ರಾಶಿ ರಾಶಿ ಉದುರುತ್ತದೆ. ದಿನಾ ಗುಡಿಸುವಾಗ ಸಂಕಟ ಆಗುತ್ತದೆ. ಕೊನೆಗೆ ಉಳಿಯುವುದು ಹತ್ತೋ ಹನ್ನೆರಡೋ ಹಣ್ಣು. — ಕಾರವಾರದ ಓದುಗರು

ಉತ್ತರ: ಸಂಕಟ ಪಡಬೇಡಿ. ನೀವು ಗುಡಿಸುತ್ತಿರುವುದರಲ್ಲಿ ಹೆಚ್ಚಿನವು ಮಿಡಿಯೇ ಅಲ್ಲ, ಗಂಡು ಹೂ. ಹಲಸಿನಲ್ಲಿ ಒಂದೇ ಮರದಲ್ಲಿ ಎರಡೂ ಬರುತ್ತವೆ, ಎರಡೂ ನೋಡಲು ಮಿಡಿಯ ಹಾಗೇ. ಗಂಡಿನದು ಸಪೂರ ತೊಟ್ಟು, ಮೈ ನುಣುಪು. ಪರಾಗ ಬಿಟ್ಟ ಮೇಲೆ ಅದರ ಕೆಲಸ ಮುಗಿಯಿತು. ಬೂಸ್ಟು ಹಿಡಿದು ಉದುರಲೇಬೇಕು. ಹೆಣ್ಣಿನ ತೊಟ್ಟು ದಪ್ಪ, ತೊಟ್ಟು ಮಿಡಿಗೆ ಸೇರುವಲ್ಲಿ ಬಳೆಯ ಹಾಗೆ ಒಂದು ಉಂಗುರ ಇರುತ್ತದೆ, ಮೈ ಮುಳ್ಳುಮುಳ್ಳು. ಹೆಚ್ಚಾಗಿ ಕಾಂಡದಲ್ಲಿ, ದಪ್ಪ ಕೊಂಬೆಯಲ್ಲಿ ಬಿಡುತ್ತದೆ. ನಾಳೆ ಗುಡಿಸಿದ ರಾಶಿಯಿಂದ 20 ಎತ್ತಿಕೊಂಡು ತೊಟ್ಟು ನೋಡಿ ಬೇರೆ ಮಾಡಿ. ಉಂಗುರ ಇದ್ದವು ಒಂದೆರಡು ಮಾತ್ರ ಸಿಕ್ಕರೆ ಏನೂ ಮಾಡಬೇಕಿಲ್ಲ. ಮನೆ ಮಟ್ಟಿಗೆ ಹನ್ನೆರಡು ಹಲಸು ಕಡಿಮೆಯೇನಲ್ಲ, ಅಲ್ವಾ?

ಉಂಗುರ ಇರುವ ಮಿಡಿಯೇ ಜಾಸ್ತಿ ಇದ್ದರೆ ಕೊಳೆ ರೋಗ. ಉದುರಿದ್ದನ್ನು, ಮರದಲ್ಲೇ ಕಪ್ಪಾಗಿ ಅಂಟಿಕೊಂಡಿದ್ದನ್ನು ಪೂರ್ತಿ ಆರಿಸಿ ಹುಗಿಯಿರಿ. ಆಮೇಲೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು, ಅಂದರೆ 100 ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ, ಕಾಂಡಕ್ಕೂ ಮಿಡಿಗೂ ಹೊಡೆಯಿರಿ. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಬೇಕು. ಕಬ್ಬಿಣದ ಕತ್ತಿ ಅದ್ದಿ ನೋಡಿ. ಕತ್ತಿಗೆ ತಾಮ್ರದ ಬಣ್ಣ ಹಿಡಿದರೆ ಇನ್ನೂ ಸ್ವಲ್ಪ ಸುಣ್ಣ ಬೇಕು.

ಪ್ರಶ್ನೆ: ಕಾಯಿ ಬಿಡದ ಮರಕ್ಕೆ ಕಬ್ಬಿಣದ ಮೊಳೆ ಹೊಡೆದರೆ, ಇಲ್ಲವೇ ಕತ್ತಿಯಿಂದ ಕಚ್ಚು ಹಾಕಿದರೆ ಬಿಡುತ್ತದೆ ಎನ್ನುತ್ತಾರೆ. ನಿಜವೇ? — ಭಟ್ಕಳದ ಓದುಗರು

ಉತ್ತರ: ಮೊಳೆಯಿಂದ ಏನೂ ಆಗುವುದಿಲ್ಲ. ಕಚ್ಚಿನ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ಎಲೆ ತಯಾರಿಸಿದ ಆಹಾರ ತೊಗಟೆಯ ಮೂಲಕ ಬೇರಿಗೆ ಇಳಿಯುತ್ತದೆ. ತೊಗಟೆಗೆ ಕಚ್ಚು ಬಿದ್ದರೆ ಅದು ಮೇಲೆಯೇ ನಿಂತು, ಕೆಲವೊಮ್ಮೆ ಹೂವಿಗೆ ದಾರಿ ಆಗುತ್ತದೆ. ನಮ್ಮಜ್ಜಿ ಹಲಸಿನ ಮರಕ್ಕೆ ಕತ್ತಿ ತೋರಿಸಿ ‘ಈ ವರ್ಷ ಬಿಡದಿದ್ದರೆ ನೋಡು’ ಎಂದು ಗದರಿಸಿ ಒಂದು ಕಚ್ಚು ಹಾಕುತ್ತಿದ್ದರು. ಆದರೆ ನಮ್ಮ ಮಳೆಗೆ ಆ ಗಾಯ ಬೇಗ ಮಾಯುವುದಿಲ್ಲ. ಅಂಟು ಸೋರುತ್ತದೆ, ಕಾಂಡ ಕೊರೆಯುವ ಹುಳ ಒಳಗೆ ಸೇರುತ್ತದೆ. ಅಜ್ಜಿಯ ಆ ಹಲಸನ್ನು ಕೊನೆಗೆ ತಿಂದದ್ದು ಹುಳವೇ. ಬೇಡ.

ಪ್ರಶ್ನೆ: ಎಂಟು ವರ್ಷದ ಚಿಕ್ಕು ಕಸಿ ಗಿಡ. ಮೊದಲೆರಡು ವರ್ಷ ದೊಡ್ಡ ಎಲೆ ಇತ್ತು. ಈಗ ಎಲೆ ಸಣ್ಣ, ಗಡುಸು. ಹೋದ ವರ್ಷ ಹಳದಿ ಬಣ್ಣದ, ಬೆರಳ ತುದಿಯಷ್ಟು ದೊಡ್ಡ ಹಣ್ಣು ಬಿಟ್ಟಿತು. ಗೊಬ್ಬರ ಸಾಲದೇ? — ಹೊನ್ನಾವರದ ಓದುಗರು

ಉತ್ತರ: ಗೊಬ್ಬರ ಎಷ್ಟು ಹಾಕಿದರೂ ಅದು ಚಿಕ್ಕು ಆಗುವುದಿಲ್ಲ. ಚಿಕ್ಕುವನ್ನು ಕಿರ್ಣಿ ಎಂಬ ಗಿಡದ ಬುಡಕ್ಕೆ ಕಸಿ ಕಟ್ಟುತ್ತಾರೆ. ಅದರ ಹಣ್ಣೇ ಹಳದಿ, ಚಿಕ್ಕದು. ನಿಮ್ಮಲ್ಲಿ ಮೇಲಿನ ಚಿಕ್ಕು ಯಾವಾಗಲೋ ಸತ್ತು, ಬುಡದ ಚಿಗುರು ಮರವಾಗಿದೆ. ಆ ಹಣ್ಣನ್ನು ಬಿಸಾಡಬೇಡಿ, ಸಿಹಿ ಇರುತ್ತದೆ, ಮಕ್ಕಳಿಗೂ ಹಕ್ಕಿಗಳಿಗೂ ಆಗುತ್ತದೆ. ಚಿಕ್ಕು ಬೇಕಾದರೆ ಬೇರೆ ಗಿಡ ನೆಡಿ. ಕಸಿಯ ಗಂಟಿನ ಕೆಳಗೆ ಬರುವ ಚಿಗುರನ್ನು ಮೊದಲ ಮೂರು ವರ್ಷ ಕಂಡ ಕೂಡಲೇ ಚಿವುಟುತ್ತಾ ಇರಿ. ನೆಡುವಾಗ ಗಂಟು ಮಣ್ಣಿನ ಮೇಲೆಯೇ ಇರಲಿ.

ಪ್ರಶ್ನೆ: ಅಂಗಳದ ಚಿರೆಕಲ್ಲಿನಲ್ಲಿ ಗುಂಡಿ ತೋಡಿ, ಹೊರಗಿಂದ ಒಳ್ಳೆ ಮಣ್ಣು ತಂದು ತುಂಬಿ ಲಿಂಬೆ ಕಸಿ ಗಿಡ ನೆಟ್ಟು ಐದು ವರ್ಷ. ಹೊಸ ಎಲೆ ಸಣ್ಣಗೆ, ನರ ಮಾತ್ರ ಹಸಿರು, ಉಳಿದದ್ದು ಹಳದಿ. ಹೂ ಬಂದರೂ ಉದುರುತ್ತದೆ. — ಕುಮಟಾ ತಾಲೂಕಿನ ಓದುಗರು

ಉತ್ತರ: ಇದು ನಮ್ಮೂರಿನ ಪತ್ರ, ಆ ಚಿರೆಕಲ್ಲು ನನಗೂ ಗೊತ್ತು. ಗಟ್ಟಿ ಕಲ್ಲಿನಲ್ಲಿ ತೋಡಿದ ಗುಂಡಿ ಅಂದರೆ ಬಾನಿಯ ಹಾಗೆ. ಮಳೆಗಾಲದ ನಾಲ್ಕು ತಿಂಗಳು ಒಳಗೆ ನೀರು ನಿಲ್ಲುತ್ತದೆ. ಲಿಂಬೆಯ ಬೇರು ಉಸಿರು ಕಟ್ಟಿ ಕೊಳೆಯುತ್ತದೆ. ನಿಜವೋ ಸುಳ್ಳೋ ನೋಡಬೇಕಾದರೆ ಈಗಲೇ ಹಾರೆಯಿಂದ ಗುಂಡಿಯ ಅಂಚಿನಲ್ಲಿ ಒಂದೂವರೆ ಅಡಿ ಚುಚ್ಚಿ. ಹಾರೆ ಎತ್ತಿದಾಗ ರಾಡಿ ಬಂದರೆ, ಕೊಳೆತ ವಾಸನೆ ಬಂದರೆ ಅದೇ ಕಾರಣ.

ಅಂಗಳ ಯಾವ ಕಡೆಗೆ ಇಳಿಜಾರಿದೆಯೋ ಆ ಕಡೆಗೆ ಗುಂಡಿಯ ತಳದಿಂದ ಒಂದು ಕಾಲುವೆ ಕಡಿಸಿ. ಕಲ್ಲು ಕಡಿಯುವವರಿಗೆ ಅರ್ಧ ದಿನದ ಕೆಲಸ. ಕಾಲುವೆಗೆ ಚಿರೆಕಲ್ಲಿನ ಚೂರು ತುಂಬಿ ಮೇಲೆ ಮಣ್ಣು ಮುಚ್ಚಿದರೆ ಅಂಗಳವೂ ಸಮ ಇರುತ್ತದೆ. ಬುಡದಲ್ಲಿ ಅಗೆಯಬೇಡಿ, ಲಿಂಬೆಯ ಬೇರು ಮೇಲೆಯೇ ಇರುತ್ತದೆ. ಕಳೆಯನ್ನು ಕೈಯಲ್ಲೇ ಕೀಳಿ, ದರಕು (ಒಣ ಎಲೆ) ಹಾಸಿ. ನರ ಹಸಿರು, ಎಲೆ ಹಳದಿ ಎಂದರೆ ಸತು ಕಡಿಮೆ. ಒಂದು ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್, ಎರಡೂವರೆ ಗ್ರಾಂ ಸುಣ್ಣ ಹಾಕಿ, ಸೋಸಿ, ಹೊಸ ಎಲೆ ಬಂದಾಗ ಸಂಜೆ ಹೊತ್ತು ಸಿಂಪಡಿಸಿ. ಹದಿನೈದು ದಿನ ಬಿಟ್ಟು ಇನ್ನೊಂದು ಸಲ. ನಮ್ಮ ಮಣ್ಣು ಹುಳಿ ಇರುವುದರಿಂದ ವರ್ಷಕ್ಕೊಮ್ಮೆ ಅರ್ಧ ಕಿಲೋ ಚಿಪ್ಪಿ ಸುಣ್ಣವನ್ನು ಸುತ್ತಲೂ ಉದುರಿಸಬಹುದು. ಅದಕ್ಕಿಂತ ಜಾಸ್ತಿ ಬೇಡ, ಸುಣ್ಣ ಹೆಚ್ಚಾದರೆ ಇರುವ ಸತುವೂ ಗಿಡಕ್ಕೆ ಸಿಗುವುದಿಲ್ಲ.

ಕಾಲುವೆ ಮೊದಲು, ಸತು ಆಮೇಲೆ. ಈಗಿನ ಹೂ ಉದುರಿದರೆ ಉದುರಲಿ. ಫೆಬ್ರವರಿಯಲ್ಲಿ ಬರುವ ಚಿಗುರಿನ ಎಲೆ ಅಗಲವಾಗಿ, ಪೂರ್ತಿ ಹಸಿರಾಗಿ ಬಂದಿದೆಯೇ ನೋಡಿ ನನಗೆ ಒಂದು ಕಾರ್ಡು ಬರೆಯಿರಿ. ಹತ್ತಿರದವರೇ ಆದರೆ ನಾನೇ ಬಂದು ನೋಡುತ್ತೇನೆ.